ಗುನ್ನೆ ನಂಬರು ಅಳಿಸಬಹುದೇ?

ಕಾಲೇಜುಗಳಲ್ಲಿ ಕಾನೂನು ಅರಿವು ಕಾರ್ಯಕ್ರಮ ಮುಗಿದ ಮೇಲೆ ಹುಡುಗರು ಒಬ್ಬೊಬ್ಬರಾಗಿ ಹತ್ತಿರ ಬಂದು ಮೆಲ್ಲಗೆ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. "ಸರ್, ಒಮ್ಮೆ ಕೇಸ್ ಆತಂದ್ರ ಪೊಲೀಸ್ ನೌಕರಿ ಹೋದಂಗ ಏನ್ರಿ? ಅದನ್ನ ತಗಸಾಕ ಬರಾಂಗಿಲ್ಲೇನ್ರಿ?" ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಕಡೆಯ ಕೋರ್ಟುಗಳಿಗೆ ಓಡಾಡುವ ವಕೀಲನಾಗಿ ಈ ಪ್ರಶ್ನೆಗೆ ಐದು ನಿಮಿಷದಲ್ಲಿ ನಿಂತಲ್ಲೇ ಉತ್ತರ ಹೇಳಿ ಕಳಿಸುವುದು ನನಗೆ ಸಮಾಧಾನ ಕೊಡುವುದಿಲ್ಲ. ಸಂಪಾದಕ ಮಂಡಳಿಯವರು ಪುಟ ಕೊಟ್ಟಿದ್ದಾರೆ. ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ನೇರ ಉತ್ತರ ಮೊದಲು. "ಇವನ ದಾಖಲೆ ಅಳಿಸಲಾಗಿದೆ" ಎಂದು ಒಂದೇ ಅರ್ಜಿಯ ಮೇಲೆ ಒಂದೇ ಆದೇಶ ಕೊಡುವ ಸಾಮಾನ್ಯ ಕಾನೂನು ನಮ್ಮ ದೇಶದಲ್ಲಿಲ್ಲ. ಕೆಲವು ದೇಶಗಳಲ್ಲಿ ಅಂಥ ಕಾನೂನಿದೆ. ಶಿಕ್ಷೆ ಮುಗಿದು ಇಷ್ಟು ವರ್ಷ ಸುಮ್ಮನಿದ್ದರೆ ದಾಖಲೆ ಮುಚ್ಚುತ್ತಾರೆ. ನಮ್ಮಲ್ಲಿ ಹಾಗಿಲ್ಲ, ಆದರೆ ಬಾಗಿಲುಗಳಿವೆ. ಕೇಸು ಯಾವ ಹಂತದಲ್ಲಿದೆ, ಘಟನೆ ನಡೆದ ದಿನ ನಿಮ್ಮ ವಯಸ್ಸು ಎಷ್ಟು, ಹಾಕಿರುವ ಕಲಂ ಯಾವುದು ಎನ್ನುವುದರ ಮೇಲೆ ಯಾವ ಬಾಗಿಲು ತೆರೆಯುತ್ತದೆ ಎನ್ನುವುದು ನಿಂತಿದೆ. ತಪ್ಪು ಹಂತದಲ್ಲಿ ತಪ್ಪು ಬಾಗಿಲು ಬಡಿದರೆ ಇದ್ದ ದಾರಿಯೂ ಮುಚ್ಚುತ್ತದೆ.

ಉರ್ದು ಬಲ್ಲ ವಿದ್ಯಾರ್ಥಿಗಳಿಗೆ ಒಂದು ಮಾತು. ನಮ್ಮ ಕಡೆ ಠಾಣೆಯಲ್ಲಿ ಎಫ್‌ಐಆರ್ ಸಂಖ್ಯೆಗೆ 'ಗುನ್ನೆ ನಂಬರು' ಎನ್ನುತ್ತಾರೆ. ಇದು 'ಗುನಾಹ'ದಿಂದ ಬಂದ ಪದ. ಮನೆಯಲ್ಲಿ ಗುನಾಹ ಎಂದರೆ ಮಾಡಿದ ಪಾಪ. ಠಾಣೆಯಲ್ಲಿ ಗುನ್ನೆ ಎಂದರೆ ಒಬ್ಬರು ಕೊಟ್ಟ ದೂರನ್ನು ದಾಖಲಿಸಿಕೊಂಡ ಸಂಖ್ಯೆ, ಅಷ್ಟೇ. ಇವೆರಡನ್ನೂ ಒಂದೇ ಎಂದು ತಿಳಿದು ಗುನ್ನೆ ದಾಖಲಾದ ದಿನವೇ ಹುಡುಗನನ್ನು ಕಾಲೇಜು ಬಿಡಿಸಿ ಪುಣೆಗೋ ಗೋವೆಗೋ ಕೆಲಸಕ್ಕೆ ಕಳಿಸಿಬಿಡುವ ತಂದೆ-ತಾಯಿಗಳಿದ್ದಾರೆ. ಹುಡುಗ ಹೋದ ಮೇಲೆ ಸಮನ್ಸ್ ಬರುತ್ತದೆ, ಆಮೇಲೆ ವಾರಂಟು. ಸಾದಾ ಜಗಳದ ಕೇಸಿನಲ್ಲಿ 'ತಲೆಮರೆಸಿಕೊಂಡ ಆರೋಪಿ' ಎಂಬ ಹೊಸ ಹೆಸರು ಸೇರಿಕೊಳ್ಳುತ್ತದೆ.

ಇನ್ನೊಂದು ಸಂಗತಿಯನ್ನು ಎಲ್ಲಕ್ಕಿಂತ ಮೊದಲು ಹೇಳಬೇಕು, ಏಕೆಂದರೆ ಇಲ್ಲಿ ಆಗುವ ಹಾನಿಯನ್ನು ಆಮೇಲೆ ಸರಿಪಡಿಸುವುದು ಬಹಳ ಕಷ್ಟ. ಸಣ್ಣ ಕೇಸು. ಬಸ್ ನಿಲ್ದಾಣದ ಹತ್ತಿರ ಕೈಕೈ ಮಿಲಾಯಿಸಿದ್ದು, ಅಂದರ್-ಬಾಹರ್ ಆಟದಲ್ಲಿ ಸಿಕ್ಕಿದ್ದು. ಕೋರ್ಟಿನ ವರಾಂಡದಲ್ಲಿ ಯಾರೋ ತಿಳಿದವರಂತೆ ಹೇಳುತ್ತಾರೆ: "ತಪ್ಪು ಆತು ಅಂತ ಒಪ್ಪಿಕೊ, ಐನೂರೋ ಸಾವಿರವೋ ದಂಡ ಕಟ್ಟು, ಇವತ್ತೇ ಮುಗೀತದ." ಹೌದು, ಅವತ್ತೇ ಮುಗಿಯುತ್ತದೆ. ಹೇಗೆ ಮುಗಿಯುತ್ತದೆ ಎಂದರೆ 'ಅಪರಾಧಿ' ಎಂಬ ತೀರ್ಪಿನೊಂದಿಗೆ. ದಂಡ ಮಾತ್ರ ಕಟ್ಟಿದರೂ ಅದು ಶಿಕ್ಷೆಯೇ. ಅಷ್ಟೇ ಅಲ್ಲ, ತಪ್ಪೊಪ್ಪಿಗೆಯ ಮೇಲೆ ಆದ ತೀರ್ಪಿನ ವಿರುದ್ಧ ಶಿಕ್ಷೆಯ ಪ್ರಮಾಣ ಅಥವಾ ಅದರ ಕಾನೂನುಬದ್ಧತೆಯ ಬಗ್ಗೆ ಬಿಟ್ಟು ಬೇರೆ ಮೇಲ್ಮನವಿಗೆ ಸಾಮಾನ್ಯವಾಗಿ ಅವಕಾಶವಿಲ್ಲ. ಮೂರು ವರ್ಷ ಬಿಟ್ಟು ಕಾನ್‌ಸ್ಟೇಬಲ್ ಆಯ್ಕೆ ಪಟ್ಟಿಯಲ್ಲಿ ಹೆಸರು ಬಂದಾಗ ಆ ಹಳೆಯ ಹಾಳೆ ಎದ್ದು ಕೂರುತ್ತದೆ. ಅಂಥ ಹುಡುಗರು ನನ್ನ ಟೇಬಲ್ಲಿನ ಮುಂದೆ ಕೂತಿದ್ದಾರೆ. ಒಂದು ದಿನ ಉಳಿಸಲು ಹೋಗಿ ಒಂದು ನೌಕರಿ ಕಳೆದುಕೊಂಡವರು ಅವರು. ಹೆಲ್ಮೆಟ್ ಇಲ್ಲದ್ದಕ್ಕೆ ರಸ್ತೆಯಲ್ಲೇ ಕಟ್ಟುವ ದಂಡದ ಮಾತು ಬೇರೆ, ಅದಕ್ಕೆ ಹೆದರಬೇಡಿ. ಆದರೆ ಕಟಕಟೆಯಲ್ಲಿ ನಿಂತು "ಒಪ್ಪಿದ್ದೇನೆ" ಎನ್ನುವ ಮೊದಲು ಒಬ್ಬ ವಕೀಲರ ಮಾತು ಕೇಳಿ.

ಈಗ ಬಾಗಿಲುಗಳ ವಿಷಯ. ಎಲ್ಲಕ್ಕಿಂತ ಮುಂಚಿನದು ತನಿಖೆಯ ಹಂತ. ದೂರಿನಲ್ಲಿ ಹುರುಳಿಲ್ಲ ಎಂದು ಕಂಡರೆ ಪೊಲೀಸರು ಚಾರ್ಜ್‌ಶೀಟ್ ಬದಲು 'ಬಿ ರಿಪೋರ್ಟ್' ಹಾಕುತ್ತಾರೆ. ಫಿರ್ಯಾದಿ ಆಕ್ಷೇಪಣೆ ಎತ್ತಬಹುದು. ಮ್ಯಾಜಿಸ್ಟ್ರೇಟರು ವರದಿಯನ್ನು ಒಪ್ಪಿದರೆ ಕೇಸು ಅಲ್ಲಿಗೆ ಮುಗಿಯಿತು. ಒಪ್ಪಿದ ಆದೇಶದ ದೃಢೀಕೃತ ನಕಲು ತೆಗೆದು ಇಟ್ಟುಕೊಳ್ಳುವುದನ್ನು ಮಾತ್ರ ಬಹಳ ಜನ ಮರೆಯುತ್ತಾರೆ.

ಎರಡನೆಯದು ರಾಜಿ. ನಮ್ಮ ಮೂರು ತಾಲ್ಲೂಕುಗಳಲ್ಲಿ ಕಬ್ಬಿನ ಹೊಲದ ಬದು, ಕಾಲುವೆ ನೀರಿನ ಸರದಿ, ಮದುವೆ ಮೆರವಣಿಗೆ ಇವುಗಳಿಂದ ಹುಟ್ಟುವ ಎಫ್‌ಐಆರ್‌ಗಳಲ್ಲಿ ಒಂದೇ ಸಾಲು ಮತ್ತೆ ಮತ್ತೆ ಕಾಣುತ್ತದೆ: ಕಲಂ 323, 324, 504, 506 ಸಹ ಕಲಂ 34 ಐಪಿಸಿ. 2024ರ ಜುಲೈ 1ರ ನಂತರದ ಘಟನೆಗಳಿಗೆ ಭಾರತೀಯ ನ್ಯಾಯ ಸಂಹಿತೆಯ ಹೊಸ ಸಂಖ್ಯೆಗಳು ಬಂದಿವೆ, ಅದಕ್ಕೂ ಹಿಂದಿನ ಘಟನೆಗಳಿಗೆ ಐಪಿಸಿಯೇ ನಡೆಯುತ್ತದೆ. ಇದರಲ್ಲಿ ಕೈಯಿಂದ ಹೊಡೆದದ್ದು, ಅಂದರೆ 323, ಬೈದು ಕೆಣಕಿದ್ದು, ಅಂದರೆ 504, ಇವು ರಾಜಿಯಾಗುವ ಕಲಂಗಳು. ಎರಡೂ ಕಡೆಯವರು ಕೋರ್ಟಿನ ಮುಂದೆ ಒಪ್ಪಿದರೆ ಕೇಸು ಮುಗಿಯುತ್ತದೆ. ಹಾಗೆ ರಾಜಿಯಾದದ್ದು ಕಾನೂನಿನ ಕಣ್ಣಿನಲ್ಲಿ ಖುಲಾಸೆಗೆ ಸಮ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 320ನೇ ಕಲಂ, ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 359ನೇ ಕಲಂ ಇದನ್ನೇ ಹೇಳುತ್ತದೆ. ಲೋಕ ಅದಾಲತ್‌ನಲ್ಲಿ ಒಂದೇ ದಿನ ಇಂಥ ಎಷ್ಟೋ ಕೇಸುಗಳು ತೀರುತ್ತವೆ.

ತೊಡಕು ಇರುವುದು 324ರಲ್ಲಿ. ಕೋಲು, ಕುಡಗೋಲು, ಕಲ್ಲು ಯಾವುದನ್ನಾದರೂ ಹಿಡಿದಿದ್ದರೆ ಈ ಕಲಂ ಬೀಳುತ್ತದೆ. ಈಗ ಅದು ರಾಜಿ ಪಟ್ಟಿಯಲ್ಲಿಲ್ಲ. ಐದು ಅಥವಾ ಅದಕ್ಕಿಂತ ಹೆಚ್ಚು ಜನರಿದ್ದಾರೆ ಎಂದು 147 ಸೇರಿಸಿದ್ದರೂ ಅದೇ ಕಥೆ. ಊರ ಹಿರಿಯರ ಮುಂದೆ ಇಬ್ಬರೂ ಕೈಕುಲುಕಿರುತ್ತಾರೆ, ಒಬ್ಬರ ಮನೆಯಲ್ಲಿ ಇನ್ನೊಬ್ಬರು ಈದ್‌ನ ಶೀರ್‌ಖುರ್ಮಾ ಕುಡಿದಿರುತ್ತಾರೆ, ಆದರೂ ಜೆಎಂಎಫ್‌ಸಿ ಕೋರ್ಟಿಗೆ ಆ ಕೇಸನ್ನು ರಾಜಿಯಲ್ಲಿ ಮುಗಿಸುವ ಅಧಿಕಾರವಿಲ್ಲ. ಆಗ ಧಾರವಾಡಕ್ಕೆ ಹೋಗಬೇಕು.

ಧಾರವಾಡದ ಹೈಕೋರ್ಟ್ ಪೀಠ 2008ರಲ್ಲಿ ಸಂಚಾರಿ ಪೀಠವಾಗಿ ಆರಂಭವಾಗಿ 2013ರಲ್ಲಿ ಕಾಯಂ ಆಯಿತು. ಅದಕ್ಕೂ ಮೊದಲು ಒಂದು ಎಫ್‌ಐಆರ್ ರದ್ದುಪಡಿಸಲು ಗೋಕಾಕದವರು ಬೆಂಗಳೂರಿಗೆ ಹೋಗಬೇಕಿತ್ತು. ಈಗ ಬೆಳಗಾವಿ ಜಿಲ್ಲೆಯ ಅರ್ಜಿಗಳು ಧಾರವಾಡದಲ್ಲೇ ನಡೆಯುತ್ತವೆ. ಬೆಳಿಗ್ಗೆಯ ಬಸ್ಸಿಗೆ ಹೋಗಿ ರಾತ್ರಿಗೆ ಮರಳಬಹುದು. ಹಳೆಯ 482ನೇ ಕಲಂ, ಈಗಿನ 528ನೇ ಕಲಂ ಹೈಕೋರ್ಟಿನ ಅಂತರ್ಗತ ಅಧಿಕಾರವನ್ನು ಕಾಯ್ದಿರಿಸಿದೆ. ಕಾನೂನಿನ ದುರುಪಯೋಗ ತಡೆಯಲು, ನ್ಯಾಯದ ಉದ್ದೇಶ ಕಾಯಲು ಹೈಕೋರ್ಟು ಎಫ್‌ಐಆರನ್ನೂ ಚಾರ್ಜ್‌ಶೀಟನ್ನೂ ರದ್ದುಪಡಿಸಬಹುದು. ಯಾವ ಸಂದರ್ಭಗಳಲ್ಲಿ ಎಂಬುದನ್ನು ಹರಿಯಾಣದ ಮಾಜಿ ಮುಖ್ಯಮಂತ್ರಿ ಭಜನ್‌ಲಾಲ್ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಏಳು ಬಗೆಯಾಗಿ ವಿಂಗಡಿಸಿ ಹೇಳಿದೆ. ದೂರಿನಲ್ಲಿ ಬರೆದದ್ದೆಲ್ಲ ನಿಜವೆಂದು ಒಪ್ಪಿದರೂ ಅದರಲ್ಲಿ ಅಪರಾಧವೇ ಕಾಣದಿರುವುದು, ಸೇಡಿಗಾಗಿ ದುರುದ್ದೇಶದಿಂದ ಹೂಡಿದ ಕೇಸು, ಇವು ಆ ಏಳರಲ್ಲಿ ಸೇರಿವೆ. "ನಾನು ಅಲ್ಲಿ ಇರಲೇ ಇಲ್ಲ" ಎಂಬ ಮಾತನ್ನು ಮಾತ್ರ ಹೈಕೋರ್ಟು ಸಾಮಾನ್ಯವಾಗಿ ಈ ಹಂತದಲ್ಲಿ ತೂಗಿ ನೋಡುವುದಿಲ್ಲ. ಅದು ಸಾಕ್ಷ್ಯದ ವಿಷಯ, ಕೆಳಗಿನ ಕೋರ್ಟಿನ ವಿಚಾರಣೆಯಲ್ಲೇ ತೀರ್ಮಾನವಾಗಬೇಕು.

ರಾಜಿಯಾಗದ ಕಲಂ ಇದ್ದರೂ ಇಬ್ಬರ ನಡುವಿನ ಖಾಸಗಿ ಜಗಳ ನಿಜವಾಗಿ ಬಗೆಹರಿದಿದ್ದರೆ ಹೈಕೋರ್ಟು ಕೇಸು ರದ್ದು ಮಾಡಬಹುದು ಎಂದು 2012ರ ಜ್ಞಾನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತು. ಕೊಲೆ, ಅತ್ಯಾಚಾರ, ದರೋಡೆಯಂಥವುಗಳಿಗೆ ಈ ಮಾತು ಅನ್ವಯಿಸುವುದಿಲ್ಲ. ಅವು ಇಡೀ ಸಮಾಜದ ಮೇಲಿನ ಅಪರಾಧ, ಇಬ್ಬರು ಕೂಡಿ ಮುಗಿಸಲು ಬರುವುದಿಲ್ಲ. ಸರಿಯಾಗಿಯೇ ಇದೆ ಎನ್ನುವುದು ನನ್ನ ಅಭಿಪ್ರಾಯ. ಹುಡುಗಿಯ ಮನೆಯವರ ಮೇಲೆ ಒತ್ತಡ ತಂದು 'ರಾಜಿ' ಬರೆಸಿಕೊಳ್ಳುವ ಪ್ರಯತ್ನಗಳನ್ನು ನೋಡಿದ ಯಾರಾದರೂ ಹೀಗೇ ಹೇಳುತ್ತಾರೆ.

ಇವೆಲ್ಲ ಆಗದಿದ್ದರೆ ವಿಚಾರಣೆ, ಅದರ ಕೊನೆಗೆ ತೀರ್ಪು. ಖುಲಾಸೆಯಾದರೆ ದೊಡ್ಡ ಭಾರ ಇಳಿಯಿತು. ಆದರೆ ತೀರ್ಪಿನ ಕೊನೆಯ ಪುಟವನ್ನಷ್ಟೇ ಓದಬೇಡಿ. ಸಾಕ್ಷಿಗಳು ತಿರುಗಿಬಿದ್ದರು, ಸಂಶಯದ ಲಾಭ ಕೊಡಲಾಗಿದೆ ಎಂದು ಬರೆದಿದ್ದರೆ ಪೊಲೀಸ್ ಇಲಾಖೆಯಂಥ ಕಡೆ ನೇಮಕಾತಿ ಮಾಡುವವರು ಅದನ್ನು ಬೇರೆಯಾಗಿ ನೋಡುತ್ತಾರೆ, ಸುಪ್ರೀಂ ಕೋರ್ಟೂ ಅವರಿಗೆ ಆ ಅವಕಾಶ ಕೊಟ್ಟಿದೆ. ಶಿಕ್ಷೆಯಾದರೆ ಜೆಎಂಎಫ್‌ಸಿ ತೀರ್ಪಿನ ಮೇಲೆ ಸೆಷನ್ಸ್ ಕೋರ್ಟಿಗೆ 30 ದಿನದೊಳಗೆ ಮೇಲ್ಮನವಿ. ಇಲ್ಲಿ ಒಂದು ಸೂಕ್ಷ್ಮವಿದೆ. ಮೇಲ್ಮನವಿ ಹಾಕಿದಾಗ ಕೋರ್ಟು ತಡೆಹಿಡಿಯುವುದು ಸಾಮಾನ್ಯವಾಗಿ ಶಿಕ್ಷೆಯನ್ನು, ಅಪರಾಧಿ ಎಂಬ ನಿರ್ಣಯವನ್ನಲ್ಲ. ಜೈಲಿಗೆ ಹೋಗಲಿಲ್ಲ ಎಂದ ಮಾತ್ರಕ್ಕೆ ನಿರ್ಣಯ ಹೋಯಿತು ಎಂದು ತಿಳಿಯಬಾರದು.

ಇನ್ನು ಈ ಪತ್ರಿಕೆಯ ಓದುಗರಿಗೆ ಎಲ್ಲಕ್ಕಿಂತ ಮುಖ್ಯವಾದ ಭಾಗ. ನಿಮ್ಮಲ್ಲಿ ಬಹುತೇಕರಿಗೆ 18 ತುಂಬಿಲ್ಲ. ದಾಖಲೆಯನ್ನು ನಾಶಮಾಡಿ ಎಂದು ಕಾನೂನು ಬಾಯಿಬಿಟ್ಟು ಹೇಳುವುದು ನಿಮ್ಮ ವಿಷಯದಲ್ಲಿ.

2015ರ ಬಾಲ ನ್ಯಾಯ ಕಾಯ್ದೆಯ ಪ್ರಕಾರ ಘಟನೆ ನಡೆದ ದಿನ 18 ತುಂಬಿರದವರು 'ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾದ ಮಗು'. ಎಫ್‌ಐಆರ್ ಆದ ದಿನ, ತೀರ್ಪಿನ ದಿನ ಲೆಕ್ಕಕ್ಕಿಲ್ಲ, ಘಟನೆಯ ದಿನವೇ ಲೆಕ್ಕ. ಅಂಥವರನ್ನು ಜೆಎಂಎಫ್‌ಸಿ ಕೋರ್ಟಿಗಲ್ಲ, ಬೆಳಗಾವಿಯ ಬಾಲ ನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. 2016ರ ಮಾದರಿ ನಿಯಮಗಳ ಪ್ರಕಾರ ಘೋರ ಅಪರಾಧದ ಆರೋಪವಿದ್ದರೆ ಅಥವಾ ವಯಸ್ಕರೊಂದಿಗೆ ಸೇರಿ ಮಾಡಿದ ಆರೋಪವಿದ್ದರೆ ಮಾತ್ರ ಎಫ್‌ಐಆರ್, ಉಳಿದವನ್ನು ಠಾಣೆಯ ದಿನಚರಿಯಲ್ಲಿ ಬರೆದುಕೊಂಡರೆ ಸಾಕು. ಕನಿಷ್ಠ ಶಿಕ್ಷೆಯೇ ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚಿರುವುದು ಘೋರ ಅಪರಾಧ.

ಕಾಯ್ದೆಯ 24ನೇ ಕಲಂ ಎರಡು ಮಾತು ಹೇಳುತ್ತದೆ. ಮಗುವಿನ ಮೇಲೆ ತಪ್ಪು ಸಾಬೀತಾದರೂ ಅದರಿಂದ ಯಾವ ಅನರ್ಹತೆಯೂ ಅಂಟಬಾರದು. ಮೇಲ್ಮನವಿಯ ಅವಧಿ ಅಥವಾ ನಿಯಮದ ಅವಧಿ ಕಳೆದ ಮೇಲೆ ದಾಖಲೆಗಳನ್ನು ನಾಶಪಡಿಸಬೇಕು. ನಿಯಮಗಳು ಇದಕ್ಕೆ ಏಳು ವರ್ಷದ ಮಿತಿ ಹಾಕಿವೆ. 16 ದಾಟಿದವರು ಘೋರ ಅಪರಾಧದಲ್ಲಿ ವಯಸ್ಕರಂತೆ ವಿಚಾರಣೆಗೊಳಗಾಗಿ ತಪ್ಪಿತಸ್ಥರೆಂದು ಮಕ್ಕಳ ನ್ಯಾಯಾಲಯ ಹೇಳಿದ್ದರೆ ಮಾತ್ರ ಈ ರಕ್ಷಣೆ ಸಿಗುವುದಿಲ್ಲ. 74ನೇ ಕಲಂ ಪೊಲೀಸರಿಗೇ ಕಟ್ಟುಹಾಕಿದೆ. ಮುಗಿದುಹೋದ ಬಾಲ ನ್ಯಾಯ ಪ್ರಕರಣವನ್ನು ನಡತೆ ಪ್ರಮಾಣಪತ್ರಕ್ಕಾಗಿಯಾಗಲಿ ಬೇರೆ ಕಾರಣಕ್ಕಾಗಲಿ ಅವರು ಹೊರಗೆಡಹುವಂತಿಲ್ಲ. ಅರೆಸೇನಾ ಪಡೆಯ ನೇಮಕಾತಿಯೊಂದರಲ್ಲಿ ಅಭ್ಯರ್ಥಿಯ ಬಾಲ್ಯದ ಪ್ರಕರಣವನ್ನು ಎತ್ತಿ ಕೆಲಸ ನಿರಾಕರಿಸಿದಾಗ, ಅದು ನೇಮಕಾತಿಗೆ ಅಡ್ಡಬರಬಾರದು ಎಂದು ಸುಪ್ರೀಂ ಕೋರ್ಟು 2019ರಲ್ಲಿ ಹೇಳಿದೆ.

ಎಡವುವುದು ವಯಸ್ಸು ಬರೆಸುವಲ್ಲಿ. ಠಾಣೆಯಲ್ಲಿ ಕೇಳಿದಾಗ ಗಾಬರಿಯಲ್ಲಿ ಹುಡುಗ "ಹತ್ತೊಂಬತ್ತು" ಎಂದುಬಿಡುತ್ತಾನೆ, ಇಲ್ಲವೇ ಬರೆಯುವವರು ಮುಖ ನೋಡಿ ಅಂದಾಜಿನಲ್ಲಿ ಬರೆಯುತ್ತಾರೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಲೆಕ್ಕ ಹಾಕಿದರೆ ಹದಿನೇಳು. ಕಾಯ್ದೆಯ 94ನೇ ಕಲಂ ವಯಸ್ಸಿಗೆ ಮೊದಲ ಆಧಾರವಾಗಿ ನೋಡುವುದು ಶಾಲೆಯ ಜನ್ಮದಿನಾಂಕ ಪ್ರಮಾಣಪತ್ರ ಮತ್ತು ಎಸ್‌ಎಸ್‌ಎಲ್‌ಸಿ ಪ್ರಮಾಣಪತ್ರವನ್ನು, ಅದಿಲ್ಲದಿದ್ದರೆ ಪುರಸಭೆ ಅಥವಾ ಪಂಚಾಯಿತಿಯ ಜನನ ಪ್ರಮಾಣಪತ್ರ, ಅದೂ ಇಲ್ಲದಿದ್ದರೆ ವೈದ್ಯಕೀಯ ಪರೀಕ್ಷೆ. "ಆಗ ನನಗೆ 18 ಆಗಿರಲಿಲ್ಲ" ಎಂಬ ವಾದವನ್ನು ಯಾವ ಕೋರ್ಟಿನಲ್ಲಾದರೂ, ಯಾವ ಹಂತದಲ್ಲಾದರೂ, ಕೇಸು ಪೂರ್ತಿ ಮುಗಿದ ಮೇಲೂ ಎತ್ತಬಹುದು. ನಿಮ್ಮ ಅಣ್ಣನದೋ ಚಾಚಾನ ಮಗನದೋ ಹಳೆಯ ಕೇಸಿದ್ದರೆ ಘಟನೆಯ ತಾರೀಖನ್ನೂ ಹುಟ್ಟಿದ ತಾರೀಖನ್ನೂ ಪಕ್ಕಪಕ್ಕ ಇಟ್ಟು ಒಮ್ಮೆ ಲೆಕ್ಕ ಹಾಕಿ ನೋಡಿ.

18 ದಾಟಿ 21 ತುಂಬದವರಿಗೂ ಒಂದು ಹಳೆಯ ಕಾನೂನು ಇದೆ: 1958ರ ಅಪರಾಧಿಗಳ ಪರಿವೀಕ್ಷಣಾ ಅಧಿನಿಯಮ. ತಪ್ಪು ಸಾಬೀತಾದರೂ ಜೈಲಿಗೆ ಕಳಿಸದೆ ಎಚ್ಚರಿಕೆ ಕೊಟ್ಟು, ಇಲ್ಲವೇ ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಡಬಹುದು. ಜೀವಾವಧಿ ಶಿಕ್ಷೆಗೆ ಅರ್ಹವಾದಂಥ ಅಪರಾಧ ಬಿಟ್ಟು ಬೇರೆಯದರಲ್ಲಿ 21ರೊಳಗಿನವರನ್ನು ಜೈಲಿಗೆ ಕಳಿಸಬೇಕೆಂದರೆ ಕೋರ್ಟು ಕಾರಣ ಬರೆಯಲೇಬೇಕು. 12ನೇ ಕಲಂ ಪ್ರಕಾರ ಹೀಗೆ ಬಿಡುಗಡೆಯಾದವರಿಗೆ ಶಿಕ್ಷೆಯಿಂದ ಅಂಟುವ ಅನರ್ಹತೆ ಅಂಟುವುದಿಲ್ಲ. ನಿರ್ಣಯವೇ ಅಳಿಸಿತು ಎಂದಲ್ಲ, ಕೆಲಸ ಕೊಡುವವರು ನಡೆದ ತಪ್ಪನ್ನು ನೋಡಬಹುದು ಎಂದು ಸುಪ್ರೀಂ ಕೋರ್ಟು ಹೇಳಿದೆ. ಹಾಗಿದ್ದರೂ ದಂಡ ಕಟ್ಟಿ ಬಂದ ಹುಡುಗನಿಗೂ ಈ ಕಾಯ್ದೆಯಡಿ ಬಿಡುಗಡೆಯಾದ ಹುಡುಗನಿಗೂ ಕಾನೂನಿನ ಮುಂದೆ ಬಹಳ ವ್ಯತ್ಯಾಸವಿದೆ. ವಕೀಲರು ಕೇಳಿದರೆ ಕೋರ್ಟು ಯೋಚಿಸುತ್ತದೆ. ಕೇಳುವವರು ಕಡಿಮೆ.

"ಸರ್ಕಾರವೇ ಕೇಸು ವಾಪಸ್ ತಗೊಂತದಂತ" ಎಂಬ ಮಾತು ಚುನಾವಣೆ ಹತ್ತಿರ ಬಂದಾಗ ಹೆಚ್ಚು ಕೇಳುತ್ತದೆ. ಅದನ್ನು ನಂಬಿ ತಾರೀಖು ತಪ್ಪಿಸಬೇಡಿ. 2024ರ ಅಕ್ಟೋಬರ್‌ನಲ್ಲಿ ನಮ್ಮ ರಾಜ್ಯ ಸರ್ಕಾರ 2022ರ ಹುಬ್ಬಳ್ಳಿ ಗಲಭೆಯದೂ ಸೇರಿ 43 ಪ್ರಕರಣಗಳನ್ನು ಹಿಂಪಡೆಯಲು ಆದೇಶ ಹೊರಡಿಸಿತು. 2025ರ ಮೇ ತಿಂಗಳಲ್ಲಿ ಹೈಕೋರ್ಟು ಆ ಆದೇಶವನ್ನೇ ರದ್ದುಪಡಿಸಿತು. ಕೇಸು ಹಿಂಪಡೆಯಲು ಅರ್ಜಿ ಹಾಕಬೇಕಾದವರು ಸರ್ಕಾರಿ ಅಭಿಯೋಜಕರು, ಒಪ್ಪಬೇಕಾದದ್ದು ಕೋರ್ಟು. ಹೊಸ ಸಂಹಿತೆಯ 360ನೇ ಕಲಂ ಪ್ರಕಾರ ನೊಂದವರ ಮಾತನ್ನೂ ಕೇಳಬೇಕು. ಯಾವ ಪಕ್ಷದ ಸರ್ಕಾರ, ಯಾವ ಸಮುದಾಯದ ಕೇಸು ಎನ್ನುವುದು ಇಲ್ಲಿ ಮುಖ್ಯವಲ್ಲ, ಇದಕ್ಕೆ ಒಳದಾರಿ ಇಲ್ಲ.

ಕೋರ್ಟಿಗೆ ಸಂಬಂಧವೇ ಇಲ್ಲದ ಇನ್ನೊಂದು ದಾಖಲೆ ಇದೆ, ರೌಡಿ ಶೀಟ್. ಅದು ಪೊಲೀಸ್ ಕೈಪಿಡಿಯ 1059ನೇ ಸ್ಥಾಯಿ ಆದೇಶದ ಮೇಲೆ ಠಾಣೆಯವರು ತೆರೆಯುವ ಪಟ್ಟಿ. ಕೇಸಿನಲ್ಲಿ ಖುಲಾಸೆಯಾದರೂ ಆ ಹಾಳೆ ತಾನಾಗಿ ಮುಚ್ಚುವುದಿಲ್ಲ. ಹೆಸರು ಸೇರಿಸುವ ಮುನ್ನ ಆ ವ್ಯಕ್ತಿಗೆ ತಿಳಿಸಿ ಅವನ ಮನವಿ ಪರಿಶೀಲಿಸಬೇಕು ಎಂದು ಕರ್ನಾಟಕ ಹೈಕೋರ್ಟು 2022ರಲ್ಲಿ ಹೇಳಿದೆ. ತೆಗೆಸಲು ಮೊದಲು ಮೇಲಧಿಕಾರಿಗಳಿಗೆ ಲಿಖಿತ ಮನವಿ, ಆಗದಿದ್ದರೆ ಧಾರವಾಡದಲ್ಲಿ ರಿಟ್ ಅರ್ಜಿ. ಬಡವರು, ಹಿಂದುಳಿದವರು ಎಂಬ ಕಾರಣಕ್ಕೇ ಅಮಾಯಕರ ಹೆಸರು ಇಂಥ ಪಟ್ಟಿಗಳಲ್ಲಿ ಯಾಂತ್ರಿಕವಾಗಿ ಸೇರುವ ಬಗ್ಗೆ 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಕಳವಳ ವ್ಯಕ್ತಪಡಿಸಿ, ಎಲ್ಲ ರಾಜ್ಯಗಳೂ ಇದನ್ನು ನೋಡಬೇಕೆಂದಿತು. ನಮ್ಮ ಭಾಗಕ್ಕೆ ಇದು ಹೊಸದಲ್ಲ. ಬ್ರಿಟಿಷರ ಅಪರಾಧಿ ಬುಡಕಟ್ಟು ಕಾಯ್ದೆಯ ಕಾಲದಲ್ಲಿ ಹುಬ್ಬಳ್ಳಿ, ಗದಗ, ವಿಜಯಪುರಗಳಲ್ಲಿ ಸೆಟ್ಲ್‌ಮೆಂಟ್‌ಗಳಿದ್ದವು. ಛಪ್ಪರಬಂದ್ ಮುಸ್ಲಿಮರೂ ಆ ಪಟ್ಟಿಯಲ್ಲಿದ್ದರು. ಮಗು ಹುಟ್ಟುವಾಗಲೇ ದಾಖಲೆಯೊಂದಿಗೆ ಹುಟ್ಟುತ್ತಿತ್ತು. ದೇಶದಾದ್ಯಂತ ಆ ಕಾಯ್ದೆ ರದ್ದಾದದ್ದು 1952ರ ಆಗಸ್ಟ್ 31ರಂದು.

ಆದೇಶ ಸಿಕ್ಕ ಮೇಲೆ ಮಾಡಬೇಕಾದ ಕೆಲಸ. ಹೈಕೋರ್ಟು ರದ್ದು ಮಾಡಿದ ಕೇಸು ಠಾಣೆಯ ಕಂಪ್ಯೂಟರಿನಲ್ಲಿ 'ಬಾಕಿ' ಎಂದೇ ಉಳಿದಿರಬಹುದು. ದೃಢೀಕೃತ ನಕಲು ಮೂರ್ನಾಲ್ಕು ತೆಗೆಯಿರಿ, ಠಾಣೆಗೂ ಬೆಳಗಾವಿಯ ಎಸ್‌ಪಿ ಕಚೇರಿಗೂ ಪತ್ರದೊಂದಿಗೆ ಕೊಟ್ಟು ಸ್ವೀಕೃತಿ ಸಹಿ ಪಡೆಯಿರಿ. ಬೆರಳಚ್ಚು, ಫೋಟೊ ತೆಗೆದುಕೊಂಡಿದ್ದರೆ 2022ರ ಗುರುತು ಕಾಯ್ದೆ ನೆನಪಿರಲಿ. ಅವನ್ನು 75 ವರ್ಷ ಇಟ್ಟುಕೊಳ್ಳಬಹುದು. ಆದರೆ ಹಿಂದೆ ಶಿಕ್ಷೆಯಾಗಿರದವರು ವಿಚಾರಣೆಯಿಲ್ಲದೆ ಬಿಡುಗಡೆಯಾದರೆ, ಅಥವಾ ಎಲ್ಲ ಮೇಲ್ಮನವಿ ಮುಗಿದು ಖುಲಾಸೆಯಾದರೆ, ಕೋರ್ಟು ಬೇರೆ ಆದೇಶ ಮಾಡದ ಹೊರತು ನಾಶಪಡಿಸಬೇಕು. ಅಂತರ್ಜಾಲದಲ್ಲಿ ಹೆಸರು ಕಾಣುವುದರ ಬಗ್ಗೆ ಕಾನೂನು ಇನ್ನೂ ಬೆಳೆಯುತ್ತಿದೆ. 2017ರಲ್ಲೇ ನಮ್ಮ ಹೈಕೋರ್ಟು ಒಬ್ಬ ತಂದೆಯ ಅರ್ಜಿಯ ಮೇಲೆ ಮಗಳ ಹೆಸರು ಹುಡುಕಾಟದಲ್ಲಿ ಕಾಣದಂತೆ ನೋಡಿಕೊಳ್ಳಲು ಹೇಳಿತ್ತು.

ಅರ್ಜಿ ನಮೂನೆಯಲ್ಲಿ "ನಿಮ್ಮ ಮೇಲೆ ಕೇಸು ದಾಖಲಾಗಿದೆಯೇ?" ಎಂದು ಕೇಳಿದಾಗ ಏನು ಬರೆಯಬೇಕು? 18 ದಾಟಿದ ಮೇಲಿನ ಕೇಸಾದರೆ ನಿಜ ಬರೆಯಿರಿ, ಖುಲಾಸೆಯಾಗಿದ್ದರೆ ಆದೇಶದ ಪ್ರತಿ ಲಗತ್ತಿಸಿ. 2016ರ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಸಣ್ಣ ಕೇಸನ್ನು ಬಚ್ಚಿಟ್ಟದ್ದನ್ನು ನೇಮಕಾತಿ ಅಧಿಕಾರಿ ಕ್ಷಮಿಸಬಹುದು ಎಂದು ಹೇಳಿದ್ದರೂ, ಬಚ್ಚಿಡುವುದೇ ಕೆಲಸ ಕಳೆಯುವ ಕಾರಣವಾಗಬಹುದು ಎಂದೂ ಸ್ಪಷ್ಟಪಡಿಸಿದೆ. ಕೇಸಿಗಿಂತ ಸುಳ್ಳೇ ಹೆಚ್ಚು ನೌಕರಿ ತಿಂದಿದೆ ಎನ್ನುವುದು ನಾನು ಕಂಡದ್ದು. ಬಾಲ ನ್ಯಾಯ ಮಂಡಳಿಯ ಪ್ರಕರಣವಾದರೆ ನಮೂನೆ ತುಂಬುವ ಮೊದಲೇ ವಕೀಲರನ್ನು ಕೇಳಿ.

ಉಮ್ರಾಕ್ಕೋ ಕೊಲ್ಲಿ ದೇಶದ ಕೆಲಸಕ್ಕೋ ಪಾಸ್‌ಪೋರ್ಟ್ ಬೇಕಿದ್ದು ಕೋರ್ಟಿನಲ್ಲಿ ಕೇಸು ನಡೆಯುತ್ತಿದ್ದರೆ, ಅದೇ ಕೋರ್ಟಿನಿಂದ ಅನುಮತಿ ಆದೇಶ ಪಡೆದು ಅರ್ಜಿ ಹಾಕಬಹುದು. 1993ರ ಆಗಸ್ಟ್ 25ರ ಕೇಂದ್ರದ ಅಧಿಸೂಚನೆ ಇದಕ್ಕೆ ಅವಕಾಶ ಕೊಟ್ಟಿದೆ. ಕೋರ್ಟು ಹೇಳಿದಷ್ಟು ಅವಧಿಗೆ ಪಾಸ್‌ಪೋರ್ಟ್ ಸಿಗುತ್ತದೆ.

ವಕೀಲರ ಫೀ ಕೊಡಲಾಗದು ಎಂದು ಸುಮ್ಮನೆ ಕೂರಬೇಡಿ. ಕೋರ್ಟಿನ ಆವರಣದಲ್ಲೇ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ-ಪಂಗಡದವರು, ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ, ಉಳಿದವರಿಗೆ ಆದಾಯ ಮಿತಿಯೊಳಗಿದ್ದರೆ. ಸಹಾಯವಾಣಿ 15100. ಹೋಗುವಾಗ ಎಫ್‌ಐಆರ್ ಪ್ರತಿ, ಸಮನ್ಸ್ ಬಂದಿದ್ದರೆ ಅದು, ಆಧಾರ್, ಮತ್ತು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಮೂಲ ಪ್ರತಿ ತೆಗೆದುಕೊಂಡು ಹೋಗಿ.